ಕರ್ಣದ ಅಳತೆ

"ನಿಮ್ಮ ಮಗ ಏನ್ ಮಾಡ್ತಿದ್ದಾನೆ ಟೀಚರ್?"

ಈ ಪ್ರಶ್ನೆ ಕೇಳದವರೇ ಇಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ, ಮದುವೆಮನೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದವರು ಕೇಳುತ್ತಾರೆ, ಸ್ಟಾಫ್ ರೂಮಿಗೆ ಹೊಸದಾಗಿ ವರ್ಗವಾಗಿ ಬಂದವರು ಊಟದ ಡಬ್ಬಿಯ ಮುಚ್ಚಳ ತೆಗೆಯುವುದರೊಳಗೆ ಕೇಳುತ್ತಾರೆ. ಮಗಳ ವಿಷಯವಾದರೆ ನನ್ನ ಉತ್ತರ ಉದ್ದ. ಅವಳು ಬಿ.ಇ. ಓದಿದ್ದು, ಬೆಂಗಳೂರಿನ ಕಂಪನಿ, ಅಳಿಯನ ಕೆಲಸ, ಎಲ್ಲವನ್ನೂ ಕೇಳದಿದ್ದರೂ ಹೇಳುತ್ತಿದ್ದೆ. ಮಗನ ವಿಷಯ ಬಂದಾಗ ಮಾತ್ರ "ಹಾಸನದಲ್ಲಿ ಕೆಲಸದಲ್ಲಿದ್ದಾನೆ" ಎಂದು ಹೇಳಿ, ಉಪ್ಪಿನಕಾಯಿ ಹಾಕಲೇ ಎಂದು ಮಾತು ತಿರುಗಿಸುತ್ತಿದ್ದೆ. ಅವನು ವೆಲ್ಡರ್ ಎಂಬ ಒಂದು ಮಾತು ನನ್ನ ಬಾಯಿಂದ ಬರಲು ಏಳು ವರ್ಷ ಬೇಕಾಯಿತು.

ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಊರ ಮಕ್ಕಳನ್ನೆಲ್ಲ ಪಾಸು ಮಾಡಿಸಿದ ನನ್ನ ಮಗ 2014ರಲ್ಲಿ ಎಸ್.ಎಸ್.ಎಲ್.ಸಿ. ಗಣಿತದಲ್ಲಿ ಫೇಲಾದ. ಫಲಿತಾಂಶ ಬಂದ ಸಂಜೆ ನಾನು ಅವನ ಸ್ಕೂಲುಚೀಲ ಸುರಿದೆ. ಗಣಿತದ ನೋಟ್ ಪುಸ್ತಕದ ಹಿಂದಿನ ಹಾಳೆಗಳ ತುಂಬ ಜೀಪಿನ ಚಿತ್ರ. ಮುಂದಿನಿಂದ, ಪಕ್ಕದಿಂದ, ತಳದಿಂದ. ಸ್ಪ್ರಿಂಗು, ಚಕ್ರ, ಗೇರುಪೆಟ್ಟಿಗೆ. ಆ ಪುಸ್ತಕವನ್ನು ಬಚ್ಚಲೊಲೆಗೆ ಹಾಕಿದೆ. ಅವನು ಅಳಲಿಲ್ಲ. ಹಂಡೆಯ ಪಕ್ಕದಲ್ಲಿ ನಿಂತು, ಪುಸ್ತಕ ಪೂರ್ತಿ ಉರಿಯುವ ತನಕ ನೋಡಿದ. ಮರುಪರೀಕ್ಷೆಯಲ್ಲಿ ಹೇಗೋ ಪಾಸಾಗಿ, ನನ್ನನ್ನೊಂದು ಮಾತು ಕೇಳದೆ ಹಾಸನಕ್ಕೆ ಹೋಗಿ ಐ.ಟಿ.ಐ.ಯಲ್ಲಿ ವೆಲ್ಡರ್ ವಿಭಾಗಕ್ಕೆ ಸೇರಿಬಿಟ್ಟ.

ಆ ಚಿತ್ರಗಳಲ್ಲಿದ್ದದ್ದು ನಮ್ಮ ಮನೆಯದೇ ಜೀಪು. ನಮ್ಮವರು ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. 1994ರಲ್ಲಿ, ನಾನು ಒಂದು ಜೊತೆ ಬಳೆ ಮಾಡಿಸೋಣ ಎಂದುಕೊಂಡಿದ್ದ ದುಡ್ಡಿನಲ್ಲಿ, ಹಳೆಯದೊಂದು ಮಹೀಂದ್ರ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದರು. ಅದರ ಕುಲಗೋತ್ರ ಹೇಳುವುದೆಂದರೆ ಅವರಿಗೆ ಬಲು ಇಷ್ಟ. 1941ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಹುಟ್ಟಿದ ವಿಲ್ಲಿಸ್ ಜೀಪಿನ ಮರಿಮಗ ಇದು, ಮಹೀಂದ್ರದವರು 1947ರಲ್ಲೇ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿದರು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಂದಿಗೂ 80 ಇಂಚು, ಇದಕ್ಕೂ 80 ಇಂಚು. ಬಂದ ನೆಂಟರಿಗೆಲ್ಲ ಕಾಫಿಯ ಜೊತೆ ಈ ಕಥೆಯೂ ಸಿಗುತ್ತಿತ್ತು.

ಬಯಲುಸೀಮೆಯ ಹೆಣ್ಣುಮಕ್ಕಳಿಗೆ ಮಲೆನಾಡಿನ ಜೀಪೆಂದರೆ ಏನೆಂದು ಹೇಳಿ ತಿಳಿಸುವುದು ಕಷ್ಟ. ಅದು ಕಾಫಿಮೂಟೆ ಹೊರುತ್ತದೆ, ಗೊಬ್ಬರ ಹೊರುತ್ತದೆ, ಮದುವಣಗಿತ್ತಿಯನ್ನು ಹೊರುತ್ತದೆ, ಕೊನೆಗೆ ಹೆಣವನ್ನೂ ಹೊರುತ್ತದೆ. ನಮ್ಮಲ್ಲಿ ಮಳೆಯನ್ನು ಇಂಚಿನಲ್ಲಿ ಅಳೆದು ಡೈರಿಯಲ್ಲಿ ಬರೆದಿಡುತ್ತಾರೆ. ಅಂಥ ಮಳೆಯ ಒಂದು ರಾತ್ರಿ, 1998ರ ಜುಲೈನಲ್ಲಿ, ನನಗೆ ನೋವು ಶುರುವಾಯಿತು. ತೋಟದ ರಸ್ತೆಯಲ್ಲಿ ಮೊಣಕಾಲುದ್ದ ಕೆಸರು. ಆ ಜೀಪು ನಾಲ್ಕು ಚಕ್ರದಲ್ಲೂ ಕೆಸರು ಕಚ್ಚಿಕೊಂಡು, ಏದುಸಿರು ಬಿಡುತ್ತ ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿತು. ಅರ್ಧಗಂಟೆ ತಡವಾಗಿದ್ದರೆ ನನ್ನ ಮಗ ಜೀಪಿನಲ್ಲೇ ಹುಟ್ಟುತ್ತಿದ್ದ. ಒಮ್ಮೊಮ್ಮೆ ಅನಿಸುತ್ತದೆ, ಅವನು ಅಲ್ಲೇ ಹುಟ್ಟಿದ, ನಮಗೆ ಗೊತ್ತಾಗಲಿಲ್ಲ ಅಷ್ಟೆ.

2011ರಲ್ಲಿ ನಮ್ಮವರು ತೀರಿಕೊಂಡರು. ಜೀಪು ಸೌದೆಮನೆಯ ಮಗ್ಗುಲಲ್ಲಿ ಟಾರ್ಪಾಲು ಹೊದ್ದು ಕೂತಿತು. ವರ್ಷಕ್ಕೊಂದು ಮಳೆಗಾಲ ಅದನ್ನು ತಿಂದಿತು. ಗುಜರಿಯವನು ಎರಡು ಸಲ ಬಂದು ಬೆಲೆ ಕಟ್ಟಿದ. ಎರಡು ಸಲವೂ ಮಗ "ಕೊಡಬೇಡ" ಅಂದ. 2022ರ ದೀಪಾವಳಿಗೆ ಬಂದವನು ಟಾರ್ಪಾಲು ಸರಿಸಿ, ಜೀಪಿನ ಕೆಳಗೆ ಮಲಗಿಕೊಂಡು "ಅಮ್ಮ, ಬಾ ಇಲ್ಲಿ" ಎಂದು ಕರೆದ. ನಾನು ಬಗ್ಗಿ ನೋಡಿದೆ. ಅವನು ಸ್ಕ್ರೂಡ್ರೈವರ್ ಹಿಡಿದು ಚಾಸಿಯ ಉದ್ದನೆಯ ಕಬ್ಬಿಣಕ್ಕೆ ಚುಚ್ಚಿದ. ಹಳಸಿದ ಹಲಸಿನಹಣ್ಣಿಗೆ ಚುಚ್ಚಿದ ಹಾಗೆ ಅದು ಒಳಗೆ ಹೋಯಿತು. ಅಷ್ಟು ವರ್ಷದ ಕೆಸರು ಒಳಗೆ ಕೂತು, ಕಬ್ಬಿಣವನ್ನು ಒಳಗಿನಿಂದಲೇ ತಿಂದುಹಾಕಿತ್ತು. ಹೊರಗೆ ಬಣ್ಣ ಹಾಗೇ ಇತ್ತು.

"ಇಂಜಿನ್ನು ಚೆನ್ನಾಗಿದೆ. ಆಕ್ಸಲ್ಲೂ ಚೆನ್ನಾಗಿದೆ. ಹೋಗಿರೋದು ಬೆನ್ನುಮೂಳೆ ಮಾತ್ರ. ಹೊಸದು ಕಟ್ತೀನಿ" ಅಂದ.

"ಎಲ್ಲಿ?"

"ಇಲ್ಲೇ, ಹಿತ್ತಲಲ್ಲಿ."

ಚಾಸಿ ಎಂದರೆ ಏನೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಮೇಲೆ ಕಾಣುವ ಬಾಗಿಲು, ಬಾನೆಟ್ಟು, ಸೀಟು, ಇವೇ ಗಾಡಿ ಎಂದುಕೊಂಡಿದ್ದೆ. ಅವೆಲ್ಲ ಉಟ್ಟ ಸೀರೆ ಇದ್ದ ಹಾಗೆ. ಒಳಗೆ ಒಂದು ಏಣಿ ಮಲಗಿರುತ್ತದೆ. ಎರಡು ಉದ್ದನೆಯ ತೊಲೆ, ನಡುವೆ ಐದಾರು ಅಡ್ಡಪಟ್ಟಿ. ಇಂಜಿನ್ನು ಕೂರುವುದು ಈ ಏಣಿಯ ಮೇಲೆ. ಚಕ್ರ, ಸ್ಪ್ರಿಂಗು ನೇತುಬೀಳುವುದು ಇದರಿಂದಲೇ. ಹೊಡೆತವೆಲ್ಲ ಇದಕ್ಕೇ. ಯಾರೂ ಇದನ್ನು ನೋಡುವುದಿಲ್ಲ, ಯಾರೂ ಇದಕ್ಕೆ ಕುಂಕುಮ ಹಚ್ಚುವುದಿಲ್ಲ. ಕೆಲವು ಮನೆಗಳಲ್ಲಿ ಕೆಲವು ಹೆಂಗಸರು ಹೀಗೇ ಇರುತ್ತಾರೆ, ಅವರು ಯಾರೆಂದು ನಿಮಗೇ ಗೊತ್ತು.

ಕಾನೂನಿನ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಟೀಚರ್ ಮನೆಯಲ್ಲಿ ಅಡ್ಡಕೆಲಸ ನಡೆಯಿತು ಎಂದು ಯಾರೂ ತಿಳಿಯಬಾರದು. ಮೋಟಾರು ವಾಹನ ಕಾಯ್ದೆ 1988ರದ್ದು. ಅದರ 52ನೇ ಕಲಮಿನ ಪ್ರಕಾರ, ನೋಂದಣಿಪತ್ರದಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಗಟ್ಟಿಯಾಗಿ ಹೇಳಿತು. ಆದ್ದರಿಂದ ಮನೆಯಲ್ಲಿ ಕಟ್ಟಿದ ಚಾಸಿಯ ಗಾಡಿ ಸರ್ಕಾರಿ ರಸ್ತೆಗೆ ಇಳಿಯುವ ಹಾಗಿಲ್ಲ. ತೋಟದೊಳಗೆ, ಮತ್ತು ನಮ್ಮ ಕಡೆ ಕಲ್ಲು ಕೆಸರಿನ ಜಾಗದಲ್ಲಿ ಹುಡುಗರು ನಡೆಸುವ ಜೀಪು ಸ್ಪರ್ಧೆಗಳಲ್ಲಿ ಮಾತ್ರ ಅದು ಓಡಬಹುದು, ಅಲ್ಲಿಗೂ ಪಿಕಪ್ಪಿನ ಮೇಲೆ ಹೇರಿಕೊಂಡೇ ಹೋಗಬೇಕು. ನಂಬರು ಕೆತ್ತಿದ ಹಳೆಯ ಚಾಸಿಯನ್ನು ಮಗ ಕತ್ತರಿಸಲಿಲ್ಲ. ಅದು ಈಗಲೂ ಸೌದೆಮನೆಯ ಗೋಡೆಗೆ ಒರಗಿ ನಿಂತಿದೆ, ಗೋಡೆಗೆ ಹಾಕಿದ ಹಿರಿಯರ ಫೋಟೋದ ಹಾಗೆ.

"ರಸ್ತೆಗೇ ಇಳಿಯದ ಗಾಡಿ ಯಾಕೋ?" ಎಂದು ಕೇಳಿದೆ.

"ನೀನು ಬರೆಯೋ ಪ್ರಬಂಧ ಎಲ್ಲಿ ಓಡುತ್ತೆ ಅಮ್ಮ?" ಅಂದ. ಮುಂದೆ ಕೇಳಲಿಲ್ಲ. ಚೀಟಿ ಎತ್ತಿದ್ದ ದುಡ್ಡಿನಲ್ಲಿ 40,000 ರೂಪಾಯಿ ಕೊಟ್ಟೆ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರುವಾಯಿತು. ಶನಿವಾರ ರಾತ್ರಿ ಹಾಸನದಿಂದ ಬರುವುದು, ಭಾನುವಾರವಿಡೀ ಹಿತ್ತಲಲ್ಲಿ ಇರುವುದು. ಹಾಸನದಲ್ಲೇ 20 ಅಡಿಯ ಒಂದು ಕಬ್ಬಿಣದ ಆಯತ ಪೈಪು ಕೊಂಡು, ಅಂಗಡಿಯಲ್ಲಿ ಎರಡು ಸಮಭಾಗ ಮಾಡಿಸಿ ತಂದ. ಎತ್ತರ 100 ಮಿಲಿಮೀಟರು, ಅಗಲ 50, ದಪ್ಪ 4. ಇಡೀ ಪೈಪಿನ ತೂಕ 50 ಕಿಲೋಗೂ ಮೇಲೆ. ನಾನು ಹಪ್ಪಳ ಒಣಗಿಸುತ್ತಿದ್ದ ಜಾಗದಲ್ಲಿ ಕಲ್ಲುಗಂಬಗಳನ್ನಿಟ್ಟು, ರಸಮಟ್ಟ ಇಟ್ಟು ನೋಡಿ, ಒಂದು ಮೇಜಿನ ಹಾಗೆ ಹದ ಮಾಡಿದ. ಮೇಜೇ ಸೊಟ್ಟಗಿದ್ದರೆ ಅದರ ಮೇಲೆ ಹುಟ್ಟುವುದೆಲ್ಲ ಸೊಟ್ಟವೇ ಎಂದ.

ಆ ಮೂರು ತಿಂಗಳು ನಮ್ಮ ಮನೆ ಅಡಿಗೆಮನೆಯೋ ಕಮ್ಮಾರಸಾಲೆಯೋ ತಿಳಿಯುತ್ತಿರಲಿಲ್ಲ. ವೆಲ್ಡಿಂಗ್ ರಾಡುಗಳಿಗೆ ತೇವ ಆಗದಂತೆ. ತೇವ ಹಿಡಿದ ರಾಡಿನಲ್ಲಿ ಬೆಸೆದರೆ ಬೆಸುಗೆಯೊಳಗೆ ಗುಳ್ಳೆ ಕೂರುತ್ತದೆ, ಆಮೇಲೆ ಬಿರುಕು ಬಿಡುತ್ತದೆ. ಮಲೆನಾಡಿನಲ್ಲಿ ಉಪ್ಪೇ ನೀರಾಗುವಾಗ ರಾಡು ಒಣಗಿ ಇರುವುದೆಲ್ಲಿ? ನನ್ನ ಮದುವೆಯ ಟ್ರಂಕಿನೊಳಗೆ ಒಂದು 60 ವ್ಯಾಟಿನ ಹಳೆಯ ಬಲ್ಬು ಉರಿಸಿ, ಅದರಲ್ಲಿ ರಾಡಿನ ಪೊಟ್ಟಣಗಳನ್ನು ಬೆಚ್ಚಗೆ ಮಲಗಿಸಿದ. ಇನ್ನು ವೆಲ್ಡಿಂಗ್ ಮಿಷನ್ನು ಅವನ ಮಾಲೀಕರದು, ಸಣ್ಣ ಇನ್ವರ್ಟರ್ ಮಿಷನ್ನು, ಟಿಫನ್ ಕ್ಯಾರಿಯರಿಗಿಂತ ಸ್ವಲ್ಪ ದೊಡ್ಡದು. ಆದರೂ ಅದು ಶುರುವಾದರೆ ಬಲ್ಬುಗಳೆಲ್ಲ ಕಣ್ಣು ಮಿಟುಕಿಸುತ್ತಿದ್ದವು. ಪಕ್ಕದ ಮನೆಯಾಕೆ ಬೇಲಿಯ ಮೇಲಿಂದ "ಟೀಚರ್, ನಿಮ್ಮ ಹುಡುಗನ ದೆಸೆಯಿಂದ ನಮ್ಮ ಸೀರಿಯಲ್ಲು ಅರ್ಧಕ್ಕೇ ನಿಲ್ಲುತ್ತೆ, ಸೊಸೆ ಮನೆ ಬಿಟ್ಟು ಹೋದಳೋ ಇದ್ದಳೋ ಗೊತ್ತಾಗಲಿಲ್ಲ" ಎಂದು ದೂರು ಕೊಟ್ಟರು.

"ಈ ಬೆಳಕನ್ನು ಮಾತ್ರ ನೋಡಬೇಡ" ಎಂದು ಅವನು ಹತ್ತು ಸಲ ಹೇಳಿದ್ದ. ನೋಡಬೇಡ ಎಂದ ಮೇಲೆ ನೋಡದೆ ಇರುವುದು ಹೇಗೆ? ಅಡಿಗೆಮನೆಯ ಕಿಟಕಿಯಿಂದ ಕದ್ದು ಕದ್ದು ನೋಡಿದೆ. ಎಂಥ ನೀಲಿ, ಎಂಥ ಬಿಳುಪು! ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಯಾರೋ ಮರಳು ಎರಚಿದ ಹಾಗಾಯಿತು. ನೀರು ಸುರಿಯುತ್ತದೆ, ರೆಪ್ಪೆ ತೆರೆಯಲಾಗುವುದಿಲ್ಲ. ಡಾಕ್ಟರು ಔಷಧಿಯ ಹನಿ ಹಾಕಿ, "ಆರ್ಕಿನ ಬೆಳಕಿನಲ್ಲಿ ನೇರಳಾತೀತ ಕಿರಣ ಇರುತ್ತೆ, ಕಣ್ಣಿನ ಮೇಲ್ಪದರ ಸುಡುತ್ತೆ, ಮಕ್ಕಳಿಗೆ ಹೇಳೋ ನೀವೇ ಹೀಗೆ ಮಾಡಿದರೆ?" ಎಂದು ಬೈದರು. ಎರಡು ದಿನ ರಜ ಹಾಕಿ ಕತ್ತಲಕೋಣೆಯಲ್ಲಿ ಮಲಗಿದೆ. ನನ್ನ ಮಗ ಏಳು ವರ್ಷದಿಂದ ಈ ಬೆಳಕಿನ ಎದುರು ಕೂತು ಅನ್ನ ತಿನ್ನುತ್ತಿದ್ದಾನೆ ಎಂಬುದು ಆ ಕತ್ತಲೆಯಲ್ಲಿ ಮೊದಲ ಸಲ ನನಗೆ ಹೊಳೆಯಿತು.

ಗುಣವಾದ ಮೇಲೆ ನಾನೂ ಹಿತ್ತಲಿಗೆ ಇಳಿದೆ. ಬೆಸೆಯುವಾಗ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ, ಉಳಿದ ಹೊತ್ತು ನೋಡುತ್ತಿದ್ದೆ. ನೋಡುತ್ತ ನೋಡುತ್ತ ಇದು ನನಗೆ ಪೂರ್ತಿ ತಿಳಿಯದ ವಿದ್ಯೆಯೇನೂ ಅಲ್ಲ ಅನಿಸಿತು. ಆಕ್ಸಲ್ಲಿನ ಮೇಲೆ ಚಾಸಿಯ ತೊಲೆ ಸ್ವಲ್ಪ ಮೇಲಕ್ಕೆ ಬಾಗಬೇಕು, ಇಲ್ಲದಿದ್ದರೆ ಚಕ್ರ ಮೇಲೆದ್ದಾಗ ಆಕ್ಸಲ್ಲು ತೊಲೆಗೆ ಬಡಿಯುತ್ತದೆ. ಅದಕ್ಕೆ ಪೈಪಿನಲ್ಲಿ ಮುಕ್ಕೋನದ ಒಂದು ಚೂರು ಕತ್ತರಿಸಿ ತೆಗೆದು, ಬಾಗಿಸಿ, ಬಾಯಿ ಮುಚ್ಚಿ ಬೆಸೆಯುತ್ತಾನೆ. ಬ್ಲೌಸಿಗೆ ಟಕ್ಸ್ ಹಿಡಿಯುವುದೆಂದರೆ ಇದೇ ತಾನೇ? ಒಂದೇ ಸಲ ಉದ್ದಕ್ಕೂ ಬೆಸೆಯುವುದಿಲ್ಲ, ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕಿ ಇಡುತ್ತಾನೆ. ನಮ್ಮ ಕಚ್ಚಾ ಹೊಲಿಗೆ! ಆಮೇಲೆ ಈ ಮೂಲೆಯಲ್ಲಿ ಒಂದಿಂಚು, ಅದರ ಎದುರುಮೂಲೆಯಲ್ಲಿ ಒಂದಿಂಚು. ಒಂದೇ ಕಡೆ ಬೆಸೆಯುತ್ತ ಹೋದರೆ ಆ ಕಡೆ ಕಾದು, ಆರುವಾಗ ಕುಗ್ಗಿ, ಇಡೀ ಚೌಕಟ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದಂತೆ. ಹೊಲಿಗೆಯ ದಾರ ಒಂದೇ ಕಡೆ ಬಿಗಿದರೆ ಬಟ್ಟೆ ಸುರುಟುವುದಿಲ್ಲವೇ, ಹಾಗೆ.

ಫೆಬ್ರವರಿಯ ಕೊನೆಯ ಭಾನುವಾರ ಅವನು ಎರಡು ತೊಲೆಗಳನ್ನೂ ಅಡ್ಡಪಟ್ಟಿಗಳನ್ನೂ ಮೇಜಿನ ಮೇಲೆ ಜೋಡಿಸಿ, ಕ್ಲಾಂಪು ಬಿಗಿದ. ಇನ್ನೂ ಬೆಸೆದಿರಲಿಲ್ಲ.

"ಅಮ್ಮ, ಟೇಪಿನ ಆ ತುದಿ ಹಿಡಿ" ಎಂದ.

ಎಡತೊಲೆಯ ಮುಂದಿನ ಗುರುತಿನಿಂದ ಬಲತೊಲೆಯ ಹಿಂದಿನ ಗುರುತಿಗೆ ಒಂದು ಅಳತೆ. ಬಲತೊಲೆಯ ಮುಂದಿನಿಂದ ಎಡತೊಲೆಯ ಹಿಂದಕ್ಕೆ ಇನ್ನೊಂದು. ಎರಡೂ ಒಂದೇ ಬಂದರೆ ಚೌಕಟ್ಟು ಸರಿಯಾಗಿದೆ ಎಂದು ಅರ್ಥ. ನಾಲ್ಕೂ ಬದಿ ಸರಿಯಾಗಿದ್ದೂ ಆಕಾರ ಓರೆಯಾಗಿರಬಹುದು. ಓರೆ ತಿಳಿಯುವುದು ಕರ್ಣದಲ್ಲಿ ಮಾತ್ರ.

"ಇದು ಗಣಿತ ಅಲ್ಲವೇನೋ?" ಎಂದೆ.

"ಇರಬಹುದು" ಎಂದು ನಕ್ಕ. "ಸ್ಕೂಲಲ್ಲಿ ಇದರಿಂದ ಏನಾಗುತ್ತೆ ಅಂತ ಯಾರೂ ಹೇಳಲಿಲ್ಲ."

ನಾನು ಕನ್ನಡದ ಟೀಚರು. ಕರ್ಣ ಎಂದ ಕೂಡಲೇ ನನಗೆ ನೆನಪಾಗುವುದು ಓರೆಗೆರೆಯಲ್ಲ. ಅಸ್ತ್ರಪರೀಕ್ಷೆಯ ದಿನ, ತುಂಬಿದ ಸಭೆಯಲ್ಲಿ, ನೀನು ಯಾರ ಮಗ ಎಂದು ಕೃಪಾಚಾರ್ಯರು ಕೇಳಿದಾಗ ತಲೆ ತಗ್ಗಿಸಿದವನು. ಸೂತನ ಮನೆಯಲ್ಲಿ, ರಥದ ಗಾಲಿಗಳ ನಡುವೆ ಬೆಳೆದವನು. ಆ ಸಭೆಯಲ್ಲಿ ಅವನ ತಾಯಿಯೂ ಇದ್ದಳು. ಅವಳು ಬಾಯಿ ಬಿಡಲಿಲ್ಲ. ಎಷ್ಟು ವರ್ಷ ಈ ಪಾಠ ಮಾಡಿದ್ದೇನೆ, ಎಷ್ಟು ಸಲ ಕುಂತಿಯನ್ನು ಮಕ್ಕಳೆದುರು ಬೈದಿದ್ದೇನೆ! ಟೇಪಿನ ತುದಿ ಹಿಡಿದು ನಿಂತಾಗ, ಸ್ಟಾಫ್ ರೂಮಿನಲ್ಲಿ ಉಪ್ಪಿನಕಾಯಿ ಬಡಿಸುವ ಹೆಂಗಸು ಯಾರೆಂದು ಹೊಳೆದು ಕೈ ಸ್ವಲ್ಪ ನಡುಗಿತು.

ಎರಡು ಅಳತೆಗೂ ವ್ಯತ್ಯಾಸ ಇತ್ತು. ಅವನು ಒಂದು ತೊಲೆಯ ತುದಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿಸಿದ. ಮತ್ತೆ ಅಳೆದೆವು. ಮತ್ತೆ ತಟ್ಟಿದ. ಎರಡೂ ಒಂದೇ ಬಂದಾಗ ಚುಕ್ಕಿ ಇಟ್ಟ. ಆ ವಾರವೂ ಮುಂದಿನ ವಾರವೂ ಕೂತು ಪೂರ್ತಿ ಬೆಸೆದ. ಏಣಿ ಎದ್ದು ನಿಂತಿತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಒಂದು ದಾಸವಾಳ ಸಿಕ್ಕಿಸಿದೆ.

ಅದರ ಮುಂದಿನ ಭಾನುವಾರ ಹಿಂದಿನ ಆಕ್ಸಲ್ಲು ಕೂರಿಸಲು ಹೋದರೆ ಕೂರಲಿಲ್ಲ. ಕೂತರೂ ಒಂದು ಚಕ್ರ ಮುಂದೆ, ಒಂದು ಹಿಂದೆ. ಅವನು ದಾರ ಕಟ್ಟಿ ನೋಡಿದ, ಮೂಲೆಮಟ್ಟ ಇಟ್ಟು ನೋಡಿದ, ಪಕ್ಕದ ಮನೆಯ ಹುಡುಗನನ್ನು ಕರೆದು ಕರ್ಣ ಅಳೆದ. ಸರಿಯಾಗಿ ಒಂದು ಇಂಚು ವ್ಯತ್ಯಾಸ. ಕೈ ಒರೆಸಿಕೊಂಡು ಬಾವಿಕಟ್ಟೆಯ ಮೇಲೆ ಕೂತ. "ಕಾವಿಗೆ ಎಳೆದುಕೊಂಡಿರಬೇಕು" ಎಂದ. ಸ್ವಲ್ಪ ಹೊತ್ತಿಗೆ ಅವನೇ "ಒಂದು ಇಂಚು ಹೇಗೆ ಎಳೆಯುತ್ತೆ?" ಎಂದ.

ನನಗೆ ಎದೆ ಧಸಕ್ಕೆಂದಿತು. ಅವನು ಊಟಕ್ಕೆ ಕೂತಾಗ ನಾನೊಬ್ಬಳೇ ಹೋಗಿ ನೋಡಿದೆ. ಬಲತೊಲೆಯ ಮುಂದಿನ ತುದಿಯಲ್ಲಿ ಮೊಳೆಯಿಂದ ಕುಟ್ಟಿದ ಗುರುತು ಒಂದಲ್ಲ, ಎರಡಿತ್ತು. ಮೊದಲು ಒಂದನ್ನು ತಪ್ಪಾಗಿ ಕುಟ್ಟಿ, ಅದರ ಮೇಲೆ ನನ್ನದೇ ಶಾಲೆಯ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದು, ಒಂದಿಂಚು ಆಚೆ ಸರಿಯಾದದ್ದನ್ನು ಕುಟ್ಟಿದ್ದ. "ಗೆರೆ ಎಳೆದದ್ದು ಬೇಡ, ಇನ್ನೊಂದು" ಎಂದು ನನಗೆ ಹೇಳಿಯೂ ಇದ್ದ. ನಾವು ಅಳೆಯುವ ಹಿಂದಿನ ರಾತ್ರಿ ಮೊದಲ ಹೂಮಳೆ ಬಿದ್ದಿತ್ತು. ಕಾಫಿ ಗಿಡಕ್ಕೆಲ್ಲ ಜೀವ ಬಂದ ಸಂತೋಷದಲ್ಲಿ ಸೀಮೆಸುಣ್ಣ ತೊಳೆದುಹೋದದ್ದನ್ನು ನಾನು ಗಮನಿಸಲಿಲ್ಲ. ಕನ್ನಡಕವೂ ಹಾಕಿರಲಿಲ್ಲ. ಬೆರಳಿಗೆ ಸಿಕ್ಕಿದ ಗುರುತಿಗೆ ಟೇಪು ಒತ್ತಿಹಿಡಿದು, "ಹಿಡಿದಿದ್ದೀನಿ" ಎಂದು ಕೂಗಿದ್ದೆ.

ಆ ಮಧ್ಯಾಹ್ನ ಹೇಳಲಿಲ್ಲ. ರಾತ್ರಿಯೂ ಹೇಳಲಿಲ್ಲ. ಕಾವಿನ ತಪ್ಪು ಎಂದು ಅವನೇ ಹೇಳಿದ್ದಾನಲ್ಲ, ಇರಲಿ ಎಂದು ಮಗ್ಗುಲು ಬದಲಿಸಿದೆ. ಮೂವತ್ತು ಮಕ್ಕಳೆದುರು ಒಬ್ಬ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, "ತಪ್ಪು ಒಪ್ಪಿಕೊಳ್ಳೋಕೆ ನಾಚಿಕೆ ಏನೋ?" ಎಂದು ಗದರುವ ಹೆಂಗಸು, ಹೊದಿಕೆಯೊಳಗೆ ಒಂದು ಇಂಚಿನ ತಪ್ಪನ್ನು ಮುಚ್ಚಿಟ್ಟುಕೊಂಡು ಮಲಗಿದ್ದಳು. ಬೆಳಗಿನ ಜಾವ ಅವನು ಹಾಸನದ ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಹೇಳಿದೆ.

"ಪುಟ್ಟ, ಕಾವಲ್ಲ ಕಣೋ. ನಾನು ಹಳೇ ಗುರುತು ಹಿಡಿದಿದ್ದೆ."

ಅವನು ಬ್ಯಾಟರಿ ತಗೊಂಡು ಹಿತ್ತಲಿಗೆ ಹೋಗಿ ನೋಡಿ ಬಂದ. ಅವನು ಬರುವ ತನಕ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. 2014ರಲ್ಲಿ ಅವನು ಹಂಡೆಯ ಪಕ್ಕ ನಿಂತಿದ್ದ ಹಾಗೆ.

"ಹಳೇ ಗುರುತನ್ನ ನಾನು ಅವತ್ತೇ ಉಜ್ಜಿ ತೆಗೀಬೇಕಿತ್ತು. ತಟ್ಟಿ ಸರಿ ಮಾಡಿದ ಮೇಲೆ ತುದಿ ಬದಲಾಯಿಸಿ ಇನ್ನೊಂದು ಸಲ ಅಳೀಬೇಕಿತ್ತು. ಅಳೆದೋರು ಯಾರು ಅಂತ ಅಲ್ಲಮ್ಮ, ಎರಡನೇ ಸಲ ಅಳೀದೇ ಇದ್ದದ್ದು ತಪ್ಪು" ಎಂದ. ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. "ಮುಂದಿನ ವಾರ ಬಿಚ್ಚೋಣ. ಹೋಗಿ ಮಲಕೋ, ಇನ್ನೂ ನಾಲ್ಕೂವರೆ."

ಅಷ್ಟೇ. ಕೂಗಾಟವಿಲ್ಲ, ಮುಖ ಗಂಟಿಕ್ಕಲಿಲ್ಲ. ಬಸ್ಸು ಹೋದ ಮೇಲೂ ನಾನು ಹೊಸಿಲ ಮೇಲೆ ಕೂತೇ ಇದ್ದೆ. ಇಷ್ಟು ವರ್ಷದ ನೌಕರಿಯಲ್ಲಿ ಎಷ್ಟು ಉತ್ತರಪತ್ರಿಕೆಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದಿದ್ದೇನೆ, ಆ ಲೆಕ್ಕ ನನಗಿಲ್ಲ. ಗೆರೆ ಎಳೆದ ಮೇಲೆ ನನ್ನ ಕೆಲಸ ಮುಗಿಯುತ್ತಿತ್ತು. ಬಿಚ್ಚಿ ಮತ್ತೆ ಕಟ್ಟು ಎಂದು ಯಾವ ಮಗುವಿಗೂ ಹೇಳಿದ ನೆನಪಿಲ್ಲ. ಹೇಳಲು ಸಮಯವೂ ಇರಲಿಲ್ಲ ಎನ್ನಬಹುದು. ಮನೆಯ ಮಗುವಿಗಾದರೂ ಹೇಳಲು ಸಮಯ ಇತ್ತಲ್ಲ?

ಬಿಚ್ಚುವುದಕ್ಕೆ ಎರಡು ಭಾನುವಾರ ಹಿಡಿಯಿತು. ಗ್ರೈಂಡರಿನ ಕಿಡಿ ದಾಸವಾಳದ ಬೇಲಿಯ ತನಕ ಹಾರುತ್ತಿತ್ತು. ಒಂದೊಂದೇ ಬೆಸುಗೆ ಸವೆಸಿ, ಅಡ್ಡಪಟ್ಟಿ ಕಳಚಿ, ಅಂಚು ಹದ ಮಾಡಿ, ಮತ್ತೆ ಮೇಜಿನ ಮೇಲೆ ಮಲಗಿಸಿದ. ಈ ಸಲ ಹಳೆಯ ಗುರುತನ್ನು ಬೆಸೆದು ಮುಚ್ಚಿ, ಉಜ್ಜಿಹಾಕಿದ. ನಾನು ಕನ್ನಡಕ ಹಾಕಿಕೊಂಡು ತುದಿ ಹಿಡಿದೆ. ಆಮೇಲೆ ತುದಿ ಬದಲಾಯಿಸಿ ಅವನು ಹಿಡಿದ, ನಾನು ಓದಿದೆ. ಎರಡು ಕರ್ಣ, ನಾಲ್ಕು ಅಳತೆ. ನಾಲ್ಕೂ ಒಂದೇ. ಓದುವಾಗ ನನ್ನ ದನಿ ಹಾಜರಿ ಕೂಗುವಷ್ಟು ಗಟ್ಟಿಯಾಗಿತ್ತೆಂದು ಆಮೇಲೆ ಪಕ್ಕದ ಮನೆಯಾಕೆ ಹೇಳಿದರು.

ಒಮ್ಮೆ ಕತ್ತರಿಸಿದ ಜಾಗಗಳಿಗೆ ಬಲ ಬರಲೆಂದು ಮೇಲೊಂದು ತಟ್ಟೆ ಇಟ್ಟು ಬೆಸೆಯಬೇಕಿತ್ತು. ಅವನು ಒಂದು ಚೌಕದ ತುಂಡು ಇಟ್ಟು ಅಂದಾಜು ನೋಡುತ್ತಿದ್ದ. ನಾನು ಅವರೆಕಾಳು ಬಿಡಿಸುತ್ತ ಕೂತಿದ್ದವಳು, "ತೇಪೆಯನ್ನ ಹೀಗೆ ನೇರ ಅಂಚಿಗೆ ಹಾಕಿದರೆ ಹೊಲಿಗೆಯ ಗೆರೆ ಹಿಡಿದೇ ಮತ್ತೆ ಹರಿಯುತ್ತೆ ಕಣೋ" ಎಂದೆ. ಅವನು ತಲೆ ಎತ್ತಿ ನೋಡಿದ.

"ನಮ್ಮ ಐ.ಟಿ.ಐ. ಮೇಷ್ಟ್ರೂ ಇದನ್ನೇ ಹೇಳಿದ್ದು. ತೊಲೆಗೆ ಅಡ್ಡಡ್ಡ ಬೆಸೀಬೇಡಿ, ಹೊಡೆತವೆಲ್ಲ ಆ ಒಂದೇ ಗೆರೆ ಮೇಲೆ ಬೀಳುತ್ತೆ, ಓರೆಯಾಗಿ ಹಂಚಿ ಅಂತ. ಇದನ್ನ ವಜ್ರದ ಆಕಾರಕ್ಕೆ ಕತ್ತರಿಸ್ತೀನಿ. ನಿನಗೆ ಯಾರು ಹೇಳಿಕೊಟ್ಟಿದ್ದು?"

"ನಿನ್ನ ಅಜ್ಜಿ. ಸೀರೆಯಲ್ಲಿ."

ಅವತ್ತು ರಾತ್ರಿ ಊಟದಲ್ಲಿ ಅವನು ನನ್ನನ್ನು ಏನೇನೋ ಕೇಳಿದ, ನಾನು ಅವನನ್ನು ಏನೇನೋ ಕೇಳಿದೆ. ಬಹಳ ವರ್ಷದ ಮೇಲೆ ನಮ್ಮ ಮನೆಯಲ್ಲಿ ಊಟಕ್ಕೆ ಒಂದು ಗಂಟೆ ಹಿಡಿಯಿತು.

ಏಪ್ರಿಲ್ ಕೊನೆಯಲ್ಲಿ, ನಮ್ಮವರು ಕೆಲಸ ಮಾಡಿದ್ದ ತೋಟದಲ್ಲೇ, ಮಾಲೀಕರ ಅಪ್ಪಣೆ ಪಡೆದು ಗಾಡಿ ಓಡಿಸಿದರು. ಬಾಗಿಲಿಲ್ಲ, ಬಾನೆಟ್ಟಿಲ್ಲ. ಬರಿಯ ಏಣಿಯ ಮೇಲೆ ಇಂಜಿನ್ನು, ಎರಡು ಸೀಟು, ತಲೆಯ ಮೇಲೆ ಪೈಪಿನ ಪಂಜರ, ಸೊಂಟಕ್ಕೂ ಹೆಗಲಿಗೂ ಬೆಲ್ಟು. ಹಳ್ಳದ ಬಂಡೆಗಳ ಮೇಲೆ ಹತ್ತಿಸುವಾಗ ಎಡಗಡೆಯ ಮುಂದಿನ ಚಕ್ರ ನನ್ನ ಎದೆಯ ಎತ್ತರಕ್ಕೆ ಎದ್ದಿತು. ಬಲಗಡೆಯ ಹಿಂದಿನದು ಹಳ್ಳದ ಗುಂಡಿಯಲ್ಲಿತ್ತು. ಇಡೀ ಗಾಡಿ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತು. ನಾನು ದೇವರನ್ನು ಕೂಗಿದೆನೋ, ನಮ್ಮವರನ್ನು ಕೂಗಿದೆನೋ ನೆನಪಿಲ್ಲ. ಗಾಡಿ ಮೆಲ್ಲಗೆ ಬಂಡೆ ದಾಟಿ ಆಚೆ ಇಳಿಯಿತು.

ಹುಡುಗರೆಲ್ಲ ಸಿಳ್ಳೆ ಹಾಕಿದರು. ನನ್ನ ಮಗ ಮಾತ್ರ ಕೆಳಗಿಳಿದವನೇ ಗಾಡಿಯ ಅಡಿಗೆ ತೂರಿ "ಅಮ್ಮ, ಬ್ಯಾಟರಿ" ಎಂದ. ನಾನು ಸೆರಗು ಸಿಕ್ಕಿಸಿಕೊಂಡು ಕೆಸರಿನಲ್ಲೇ ಕೂತು ಬೆಳಕು ಬಿಟ್ಟೆ. ಅವನು ಒಂದೊಂದೇ ಬೆಸುಗೆಯ ಮೇಲೆ ಬೆರಳಾಡಿಸಿ ನೋಡಿದ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಎಲ್ಲೂ ಕೂದಲೆಳೆಯ ಬಿರುಕೂ ಇರಲಿಲ್ಲ.

"ಅಷ್ಟು ತಿರುಚಿತಲ್ಲೋ?" ಎಂದೆ.

"ತಿರುಚಬೇಕು ಅಮ್ಮ. ಸ್ವಲ್ಪವೂ ಬಳುಕದ ಚಾಸಿ ಮೊದಲು ಬ್ರಾಕೆಟ್ಟಿನ ಹತ್ತಿರ ಬಿರುಕು ಬಿಡುತ್ತೆ. ತೀರಾ ಬಳುಕಿದರೂ ಕಷ್ಟ. ಎಷ್ಟು ಬೇಕೋ ಅಷ್ಟು."

ಮನೆಗೆ ಬರುವಾಗ ಪಿಕಪ್ಪಿನಲ್ಲಿ ನಾವಿಬ್ಬರೇ ಇದ್ದೆವು. ಒಂಬತ್ತು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದ ಮಾತನ್ನು ಕತ್ತಲೆಯಲ್ಲಿ ಹೇಳುವುದು ಸುಲಭ ಎಂದು ಹೇಳಿಬಿಟ್ಟೆ. "ಆವತ್ತು ನಿನ್ನ ನೋಟ್ ಪುಸ್ತಕ ಒಲೆಗೆ ಹಾಕಬಾರದಿತ್ತು."

ಅವನು ಸ್ವಲ್ಪ ಹೊತ್ತು ಸುಮ್ಮನೆ ಓಡಿಸಿದ. ಎದುರಿನಿಂದ ಬಂದ ಲಾರಿಗೆ ದಾರಿ ಬಿಟ್ಟ.

"ಅದರಲ್ಲಿ ಬರೆದಿದ್ದ ಚಾಸಿ ತಪ್ಪಾಗಿತ್ತು ಬಿಡಮ್ಮ" ಎಂದ. "ಅಡ್ಡಪಟ್ಟಿ ಮೂರೇ ಹಾಕಿದ್ದೆ."

ಈಗ ನಮ್ಮ ಶಾಲೆಗೆ ಗಣಿತಕ್ಕೆ ಹೊಸಬರೊಬ್ಬರು ಬಂದಿದ್ದಾರೆ. ಬಂದ ಎರಡನೆಯ ದಿನ ಊಟದ ಹೊತ್ತಿಗೆ ಅದೇ ಪ್ರಶ್ನೆ ಕೇಳಿದರು. ವೆಲ್ಡರ್ ಎಂದೆ. ಚಾಸಿ ಕಟ್ಟುತ್ತಾನೆ ಎಂದೆ. ಆಮೇಲೆ, ಒಂಬತ್ತನೇ ತರಗತಿಗೆ ಆಯತದ ಪಾಠ ಮಾಡುವಾಗ ಹೇಳಿ, ಅವನನ್ನೊಂದು ದಿನ ಟೇಪು ಹಿಡಿದು ಬರಹೇಳುತ್ತೇನೆ, ಇನ್ನೊಂದು ತುದಿ ಹಿಡಿಯಲು ನಾನೂ ಬರುತ್ತೇನೆ ಎಂದೆ. ಅವರು ನಗುತ್ತಾ ಆಗಲಿ ಅಂದರು. ಉಪ್ಪಿನಕಾಯಿಯನ್ನು ಆಮೇಲೆ ಬಡಿಸಿದೆ.